ಬೆಳೆಯ ಪಕ್ಕ ಯಾವ ಕಾವಲು ಗಿಡ: ಕೀಟ ಮತ್ತು ಪ್ರಾಣಿಗಳ ವಿಚಾರದಲ್ಲಿ ಒಂದು ಹೋಲಿಕೆ

ತರಕಾರಿ ಬೆಳೆಯುವವರು, ಅದರಲ್ಲೂ ಔಷಧ ಸಿಂಪರಣೆಯನ್ನು ಕಡಿಮೆ ಮಾಡಬೇಕೆಂದು ಮನಸ್ಸು ಮಾಡಿದವರು, ಮೊದಲು ಕೇಳುವ ಪ್ರಶ್ನೆ "ಯಾವ ಗಿಡ ನೆಟ್ಟರೆ ಹುಳು ಹತ್ತಿರ ಬರುವುದಿಲ್ಲ" ಎಂಬುದು. ಈ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಂಡರೆ ಉತ್ತರ ಹೆಚ್ಚು ಉಪಯುಕ್ತವಾಗುತ್ತದೆ. ಪಕ್ಕದಲ್ಲಿ ನೆಟ್ಟ ಗಿಡವೊಂದು ಮುಖ್ಯ ಬೆಳೆಯನ್ನು ಕಾಯುವ ಬಗೆ ಒಂದೇ ಅಲ್ಲ. ಕೆಲವು ಗಿಡಗಳು ಕೀಟವನ್ನು ತಮ್ಮತ್ತ ಸೆಳೆದುಕೊಳ್ಳುತ್ತವೆ, ಕೆಲವು ಅದು ಬರುವ ದಾರಿಗೆ ಅಡ್ಡ ನಿಲ್ಲುತ್ತವೆ, ಕೆಲವು ಆ ಕೀಟವನ್ನು ತಿನ್ನುವ ಜೀವಿಗಳಿಗೆ ಆಹಾರ ಒದಗಿಸುತ್ತವೆ, ಇನ್ನು ಕೆಲವು ವಾಸನೆಯಿಂದಲೋ ಬೇರಿನಿಂದ ಸ್ರವಿಸುವ ರಸದಿಂದಲೋ ಮುಳ್ಳಿನಿಂದಲೋ ದೂರ ಇಡುತ್ತವೆ. ಜನರ ಬಾಯಲ್ಲಿ ಹೆಚ್ಚಾಗಿ ಓಡಾಡುವುದು ಈ ಕೊನೆಯ ಬಗೆ. ಹೊಲದ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿರುವುದು ಮೊದಲಿನ ಎರಡು. ಓಡಿಸುವ ಗಿಡಕ್ಕಿಂತ ಸೆಳೆಯುವ ಗಿಡವೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ಈ ಬರಹದ ನಿಲುವು, ಮತ್ತು ಮುಂದಿನ ಹೋಲಿಕೆಯೆಲ್ಲ ಆ ನಿಲುವನ್ನು ಒಂದೊಂದು ಬೆಳೆಯಲ್ಲಿ ಒರೆಹಚ್ಚಿ ನೋಡುವ ಪ್ರಯತ್ನ.

ಇದು ನಮಗೆ ಹೊಸ ವಿಚಾರವೂ ಅಲ್ಲ. ಹಳೆ ಮೈಸೂರು ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಜೋಳ, ಸಾಸಿವೆ, ಹುಚ್ಚೆಳ್ಳು, ಬದುವಿನ ಕಡೆಗೆ ಔಡಲ. ಮಳೆ ಕೈಕೊಟ್ಟರೆ ಒಂದಾದರೂ ಕೈಗೆ ಬರಲಿ, ಮನೆಗೆ ಬೇಳೆಯೂ ಎಣ್ಣೆಯೂ ಸಿಗಲಿ ಎಂಬುದು ಅದರ ಮುಖ್ಯ ಉದ್ದೇಶವಾಗಿತ್ತು. ಆದರೂ ಇಂದು ಸಂಶೋಧನಾ ಸಂಸ್ಥೆಗಳು ಕೀಟ ನಿರ್ವಹಣೆಗೆ ಶಿಫಾರಸು ಮಾಡುವ ಕಾವಲು ಗಿಡಗಳ ಪಟ್ಟಿಯನ್ನು ನೋಡಿದರೆ ಅದರಲ್ಲಿ ಹಲವು ಈ ಅಕ್ಕಡಿಯಲ್ಲೇ ಇದ್ದವು. ಗಿಡ ಹೊಸದಲ್ಲ, ಎಷ್ಟು ಸಾಲಿಗೆ ಎಷ್ಟು, ಯಾವಾಗ ಬಿತ್ತಬೇಕು ಎಂಬ ಲೆಕ್ಕ ಹೊಸದು. ಫಲ ನಿಂತಿರುವುದು ಬಹುಮಟ್ಟಿಗೆ ಆ ಲೆಕ್ಕದ ಮೇಲೆಯೇ.

ಸೆಳೆಯುವ ಗಿಡಗಳು: ಚೆಂಡುಹೂ, ಸಾಸಿವೆ, ಔಡಲ

ಟೊಮೆಟೊ ಬೆಳೆಯುವವರಿಗೆ ಚೆಂಡುಹೂವಿನ ಹೆಸರು ಗೊತ್ತಿಲ್ಲದೆ ಇರುವುದಿಲ್ಲ. ಆದರೆ ಬಹಳ ಮಂದಿ ಅದನ್ನು ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ನೆಟ್ಟು, ಅದರ ವಾಸನೆಗೆ ಹುಳು ಓಡಿಹೋಗುತ್ತದೆ ಎಂದು ಕಾಯುತ್ತಾರೆ. ನಡೆಯುವುದು ಅದಕ್ಕೆ ತದ್ವಿರುದ್ಧ. ಕಾಯಿಕೊರಕದ ಹೆಣ್ಣು ಪತಂಗಕ್ಕೆ ಚೆಂಡುಹೂವಿನ ಮೊಗ್ಗು ಮತ್ತು ಹೂವು ಟೊಮೆಟೊಗಿಂತ ಹೆಚ್ಚು ಇಷ್ಟ. ಅದು ಅಲ್ಲಿಗೆ ಹೋಗಿ ಮೊಟ್ಟೆ ಇಡುತ್ತದೆ, ಟೊಮೆಟೊ ಅಷ್ಟರ ಮಟ್ಟಿಗೆ ಉಳಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಪದ್ಧತಿಯಲ್ಲಿ ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಆಫ್ರಿಕನ್ ಚೆಂಡುಹೂ ಬರಬೇಕು, ಮತ್ತು ನಾಟಿಯ ದಿನ ಟೊಮೆಟೊ ಸಸಿಗೆ 25 ದಿನ, ಚೆಂಡುಹೂವಿನ ಸಸಿಗೆ 45 ದಿನ ವಯಸ್ಸಾಗಿರಬೇಕು. ಈ 20 ದಿನದ ಅಂತರದಲ್ಲೇ ಇಡೀ ಪದ್ಧತಿಯ ಜೀವ ಇದೆ. ಟೊಮೆಟೊ ಹೂಬಿಡುವ ಹೊತ್ತಿಗೆ ಚೆಂಡುಹೂವೂ ಮೊಗ್ಗು, ಹೂವು ತುಂಬಿ ನಿಂತಿರಬೇಕು. ಎರಡನ್ನೂ ಒಂದೇ ದಿನ ಬಿತ್ತಿ ಒಂದೇ ದಿನ ನಾಟಿ ಮಾಡಿದರೆ ಚೆಂಡುಹೂ ಅರಳುವ ವೇಳೆಗೆ ಪತಂಗ ಟೊಮೆಟೊದಲ್ಲಿ ಮೊಟ್ಟೆಯಿಟ್ಟು ಮುಗಿಸಿರುತ್ತದೆ.

ಸೆಳೆದ ಮೇಲೆ ಮುಂದಿನ ಕೆಲಸ ನಮ್ಮದು. ಚೆಂಡುಹೂವಿನ ಸಾಲಿನಲ್ಲಿ ಮರಿಹುಳುಗಳನ್ನು ಹಾಗೆಯೇ ಬೆಳೆಯಲು ಬಿಟ್ಟರೆ ಅದು ಕಾವಲಾಗದೆ ಹುಳುವಿನ ತವರಾಗುತ್ತದೆ. ವಾರಕ್ಕೆ ಎರಡು ಸಲ ಆ ಸಾಲುಗಳಲ್ಲಿ ಮಾತ್ರ ನಡೆದು ಹುಳು ಆರಿಸುವುದು, ಅಥವಾ ಈ ಹುಳುವಿಗೆಂದೇ ಸಿಗುವ ಎನ್‌ಪಿವಿ ನಂಜಾಣು ದ್ರಾವಣವನ್ನು ಬೆಲ್ಲ ಬೆರೆಸಿ ಸಂಜೆ ಸಿಂಪಡಿಸುವುದು ಸಾಮಾನ್ಯ ಕ್ರಮ. ಬಿಸಿಲಿಗೆ ನಂಜಾಣು ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಬೆಳಗಿನ ಸಿಂಪರಣೆ ಉಪಯೋಗಕ್ಕೆ ಬರುವುದಿಲ್ಲ. ಕೋಲಾರ, ಚಿಂತಾಮಣಿ ಕಡೆಯ ರೈತರಿಗೆ ಇನ್ನೊಂದು ಅನುಕೂಲವಿದೆ: ದಸರಾ, ದೀಪಾವಳಿಯ ಸಮಯಕ್ಕೆ ಹೂವಿಗೇ ಬೆಲೆ ಬರುತ್ತದೆ, ಮತ್ತು ಕೊಯ್ದ ಹೂವಿನೊಂದಿಗೆ ಒಂದಷ್ಟು ಮೊಟ್ಟೆ, ಮರಿಹುಳುಗಳೂ ಹೊಲದಿಂದ ಹೊರಗೆ ಹೋಗುತ್ತವೆ.

ಆದರೆ ಚೆಂಡುಹೂ ಟೊಮೆಟೊದ ಎಲ್ಲ ಕೀಟಕ್ಕೂ ಮದ್ದಲ್ಲ. 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ನಮ್ಮ ಟೊಮೆಟೊ ಸೀಮೆಗೂ ಹಬ್ಬಿದ ಟೂಟಾ ಹುಳು ಎಲೆಯೊಳಗೆ ಸುರಂಗ ಕೊರೆಯುತ್ತದೆ, ಕಾಯಿಗೂ ಸೂಜಿಮೊನೆಯಂಥ ತೂತು ಮಾಡುತ್ತದೆ. ಚೆಂಡುಹೂವಿನ ಸಾಲು ಅದನ್ನು ತಡೆಯುತ್ತದೆಂದು ನೆಚ್ಚಿ ಕೂರುವಂತಿಲ್ಲ. ಅದಕ್ಕೆ ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಲಿಂಗಾಕರ್ಷಕ ಬಲೆಯೇ ಬೇಕು. ಎಲೆ ಮುದುರು ರೋಗ ಹರಡುವ ಬಿಳಿ ನೊಣದ ವಿಚಾರದಲ್ಲೂ ಈ ಸಾಲು ಕೆಲಸಕ್ಕೆ ಬಾರದು. ಒಣ ಹವೆಯಲ್ಲಿ ಚೆಂಡುಹೂವಿಗೇ ಕೆಂಪು ನುಸಿ ಹತ್ತುತ್ತದೆ, ಅದು ಪಕ್ಕದ ಬದನೆ, ಹುರುಳಿಕಾಯಿಗೂ ಇಳಿಯಬಹುದು. ಆದ್ದರಿಂದ ಬೇಸಿಗೆ ಟೊಮೆಟೊಗಿಂತ ಮಳೆಗಾಲದ ಮತ್ತು ಚಳಿಗಾಲದ ಬೆಳೆಗೆ ಈ ಪದ್ಧತಿ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಎಲೆಕೋಸಿಗೆ ಸಾಸಿವೆ. ಇದೂ ಹೆಸರಘಟ್ಟದಿಂದ ಬಂದ ಪದ್ಧತಿ. ಕೋಸನ್ನು ಕಾಡುವ ವಜ್ರ ಬೆನ್ನಿನ ಪತಂಗ ಎಷ್ಟು ಮೊಂಡು ಕೀಟವೆಂದರೆ ಡಿಡಿಟಿಯಿಂದ ಹಿಡಿದು ಬಿಟಿ ಎಂಬ ಬ್ಯಾಕ್ಟೀರಿಯಾದ ಜೈವಿಕ ಸಿಂಪರಣೆಯವರೆಗೆ ಅನೇಕ ಔಷಧಗಳಿಗೆ ಜಗತ್ತಿನ ಬೇರೆ ಬೇರೆ ಕಡೆ ಅದು ಒಗ್ಗಿಹೋಗಿದೆ. ಇಂಥ ಕೀಟಕ್ಕೆ ಔಷಧದ ಮೇಲೊಂದು ಔಷಧ ಹೊಡೆಯುತ್ತಾ ಹೋಗುವುದು ಖರ್ಚಿನ ದಾರಿ ಮಾತ್ರ. ಪ್ರತಿ 25 ಸಾಲು ಕೋಸಿಗೆ ಸಾಸಿವೆಯ ಒಂದು ಜೋಡಿ ಸಾಲು ಹಾಕಬೇಕು. ಜೋಡಿಯಲ್ಲಿ ಒಂದನ್ನು ಕೋಸಿನ ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಸಾಸಿವೆಯ ಆಯುಸ್ಸು ಕಡಿಮೆ, ಮೊದಲ ಸಾಲು ಬಲಿತು ಒಣಗತೊಡಗಿದಾಗ ಎರಡನೆಯದು ಎಳೆಯದಾಗಿ ಸಿದ್ಧವಿರಬೇಕು ಎಂಬುದು ಇದರ ಅರ್ಥ. ಸಾಸಿವೆಗೆ ಈ ಪತಂಗವಷ್ಟೇ ಅಲ್ಲದೆ ಎಲೆ ಹೆಣೆಯುವ ಹುಳುವೂ ಹೇನೂ ಬರುತ್ತವೆ, ಹಾಗಾಗಿ ಒಂದು ಸಾಲಿಗೆ ಮೂರು ಕೀಟಗಳು ಸೇರಿಕೊಳ್ಳುತ್ತವೆ. ಸೇರಿದ ಮೇಲೆ ಅಲ್ಲಿಯೇ ಕೊಲ್ಲಬೇಕು ಎಂಬುದು ಚೆಂಡುಹೂವಿನಷ್ಟೇ ಇಲ್ಲಿಯೂ ಖಡಾಖಂಡಿತ. ಕೋಸಿನ ಮೇಲೆ ಶೇ. 5ರ ಬೇವಿನ ಬೀಜದ ಕಷಾಯ, ಅಂದರೆ 100 ಲೀಟರ್ ನೀರಿಗೆ 5 ಕೆ.ಜಿ. ಬೀಜದ ಪುಡಿಯಿಂದ ತೆಗೆದ ರಸ, ಈ ಪದ್ಧತಿಗೆ ಒಳ್ಳೆಯ ಜೊತೆ.

ಚೆಂಡುಹೂ ಮತ್ತು ಸಾಸಿವೆಯನ್ನು ಎದುರುಬದುರು ಇಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಚೆಂಡುಹೂ ತಡವಾದರೆ ನಿರುಪಯುಕ್ತ, ಆದರೆ ಹಾನಿಯಿಲ್ಲ, ಹೂವಾದರೂ ಕೈಗೆ ಬರುತ್ತದೆ. ಸಾಸಿವೆಯನ್ನು ಬಿತ್ತಿ ಮರೆತರೆ ನಿಜವಾದ ಹಾನಿ ಇದೆ, ಏಕೆಂದರೆ ಸಾಸಿವೆಯ ಮೇಲೆ ಬೆಳೆದ ಹುಳು ಪತಂಗವಾಗಿ ಕೋಸಿಗೇ ಬರುತ್ತದೆ. ಹೊಲದಿಂದ ದೂರ ಇರುವವರು, ವಾರಕ್ಕೊಮ್ಮೆ ಮಾತ್ರ ಬಂದುಹೋಗುವವರು ಸಾಸಿವೆಯ ಸಾಲನ್ನು ಆರಿಸಿಕೊಳ್ಳದಿರುವುದೇ ಮೇಲು. ಅವರಿಗೆ ಸಸಿಮಡಿಯ ಮೇಲೆ ಬಲೆ ಹೊದಿಸುವುದು, ಬೇವಿನ ಕಷಾಯ ಕ್ರಮವಾಗಿ ಸಿಂಪಡಿಸುವುದು ಹೆಚ್ಚು ಸುರಕ್ಷಿತ.

ಮೂರನೆಯದು ಔಡಲ, ಹರಳು ಎಂದೂ ಕರೆಯುವ ಗಿಡ. ಕಡಲೆಕಾಯಿ, ಮೆಣಸಿನಕಾಯಿ, ಹೊಗೆಸೊಪ್ಪಿಗೆ ಕಾಡುವ ತಂಬಾಕು ಕೀಡೆಗೆ ಇದರಷ್ಟು ಪ್ರಿಯವಾದ ಎಲೆ ಇನ್ನೊಂದಿಲ್ಲ. ಈ ಕೀಡೆಯ ಪತಂಗ ಒಂದೊಂದೇ ಮೊಟ್ಟೆ ಇಡುವುದಿಲ್ಲ; ನೂರಾರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು ಕಂದು ರೋಮದಿಂದ ಮುಚ್ಚುತ್ತದೆ. ಮರಿಗಳು ಒಡೆದ ಮೇಲೆ ಒಟ್ಟಿಗೆ ಕೂತು ಎಲೆಯ ಹಸಿರನ್ನು ಕೆರೆದು ತಿನ್ನುವುದರಿಂದ ಎಲೆ ಜರಡಿಯಂತಾಗುತ್ತದೆ. ಔಡಲದ ಅಗಲ ಎಲೆಯಲ್ಲಿ ಇದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ, ಒಂದು ಎಲೆ ಕಿತ್ತು ಹೂತರೆ ನೂರಾರು ಹುಳು ಮುಗಿದಂತೆ. ಪಾವಗಡ, ಚಳ್ಳಕೆರೆಯಂಥ ಒಣ ಸೀಮೆಯ ಕಡಲೆಕಾಯಿ ಹೊಲಕ್ಕೆ ಇದಕ್ಕಿಂತ ಅಗ್ಗದ ಕಾವಲು ನನಗೆ ತಿಳಿದಿಲ್ಲ: ಬದುವಿನಲ್ಲಿ ಅಲ್ಲಲ್ಲಿ ಗಿಡ ಇದ್ದರೆ ಸಾಕು, ನೀರು ಬೇಡ, ಕೊನೆಗೆ ಹರಳೂ ಸಿಗುತ್ತದೆ. ಮೂರರಲ್ಲಿ ಶ್ರಮಕ್ಕೆ ತಕ್ಕ ಫಲ ಹೆಚ್ಚು ಕೊಡುವುದು ಇದೇ.

ಔಡಲ ಬೇಡವಾದ ಜಾಗಗಳೂ ಇವೆ. ಅದರ ಕಾಯಿಯನ್ನು ಕೊರೆಯುವ ಹುಳು ಸೀಬೆ, ದಾಳಿಂಬೆಯ ಹಣ್ಣನ್ನೂ ಕೊರೆಯುತ್ತದೆ, ಆದ್ದರಿಂದ ಹಣ್ಣಿನ ತೋಟದ ಅಂಚಿಗೆ ಇದನ್ನು ತರಬಾರದು. ಹರಳು ಬೀಜದಲ್ಲಿ ಕಟುವಾದ ವಿಷವಿದೆ. ಚಿಕ್ಕ ಮಕ್ಕಳು ಓಡಾಡುವ ಹಿತ್ತಲಿನಲ್ಲಿ, ಕರುಗಳನ್ನು ಬಿಡುವ ಜಾಗದಲ್ಲಿ ಇದಕ್ಕೆ ಸ್ಥಾನವಿಲ್ಲ.

ಅಡ್ಡ ನಿಲ್ಲುವ ಗಿಡಗಳು: ಜೋಳವೋ ಮುಸುಕಿನ ಜೋಳವೋ

ಹಾವೇರಿ, ಬ್ಯಾಡಗಿ ಕಡೆ ಮೆಣಸಿನಕಾಯಿ ಬೆಳೆಯುವವರ ದೊಡ್ಡ ತಲೆನೋವು ಮುಟುರು ರೋಗ. ಅದರ ಹಿಂದೆ ನಂಜುರೋಗವೂ ಇದೆ, ರಸ ಹೀರುವ ಪುಟ್ಟ ಕೀಟ ಥ್ರಿಪ್ಸ್ ಮತ್ತು ನುಸಿಯೂ ಇವೆ. ಹೊಲದ ಸುತ್ತ ಎರಡು ಮೂರು ಸಾಲು ಎತ್ತರದ ಬೆಳೆಯನ್ನು ಸಸಿ ನಾಟಿಗೆ ಎರಡು ಮೂರು ವಾರ ಮೊದಲೇ ಒತ್ತಾಗಿ ಬಿತ್ತಿದರೆ, ಗಾಳಿಯೊಂದಿಗೆ ತೇಲಿಬರುವ ಹೇನು ಮತ್ತು ಬಿಳಿ ನೊಣಗಳಲ್ಲಿ ಒಂದು ಪಾಲು ಅಲ್ಲೇ ನಿಲ್ಲುತ್ತದೆ. ಹೇನಿನ ವಿಷಯದಲ್ಲಿ ಹೆಚ್ಚಿನ ಲಾಭವಿದೆ. ಹೇನು ಹರಡುವ ಎಷ್ಟೋ ನಂಜಾಣುಗಳು ಅದರ ಸೂಜಿಬಾಯಿಯ ತುದಿಯಲ್ಲಷ್ಟೇ ಅಂಟಿಕೊಂಡಿರುತ್ತವೆ, ಅಂಚಿನ ಜೋಳವನ್ನು ಒಂದೆರಡು ಸಲ ಚುಚ್ಚಿ ನೋಡುವಷ್ಟರಲ್ಲಿ ಆ ನಂಜು ಕಳೆದುಹೋಗುತ್ತದೆ. ಬಿಳಿ ನೊಣ ಹರಡುವ ಎಲೆ ಮುದುರು ನಂಜಾಣು ಹಾಗಲ್ಲ, ಅದು ಕೀಟದ ಮೈಯೊಳಗೇ ಉಳಿಯುತ್ತದೆ. ಅಲ್ಲಿ ಅಂಚು ಬೆಳೆ ಬರಿಯ ತಡೆಗೋಡೆ. 2021ರ ನಂತರ ಮೆಣಸಿನ ಹೂವನ್ನೇ ಹಾಳುಮಾಡುತ್ತ ಬಂದಿರುವ ಹೊಸ ಥ್ರಿಪ್ಸ್ ಜಾತಿಯನ್ನು ಈ ಗೋಡೆಯೊಂದರಿಂದ ತಡೆಯಲಾಗದು ಎಂಬುದನ್ನೂ ಮೊದಲೇ ತಿಳಿದಿರಬೇಕು.

ಗೋಡೆಗೆ ಯಾವ ಬೆಳೆ ಎಂಬುದು ಹಿಂದೆ ಇಷ್ಟು ಯೋಚಿಸುವ ಪ್ರಶ್ನೆಯಾಗಿರಲಿಲ್ಲ. ಬೇಗ ಎತ್ತರ ಬೆಳೆಯುವ ಮುಸುಕಿನ ಜೋಳವನ್ನೇ ಎಲ್ಲರೂ ಆರಿಸುತ್ತಿದ್ದರು. 2018ರಲ್ಲಿ ಭಾರತದಲ್ಲೇ ಮೊದಲಿಗೆ ಕರ್ನಾಟಕದಲ್ಲಿ ಫಾಲ್ ಆರ್ಮಿವರ್ಮ್ ಎಂಬ ಹೊಸ ಸೈನಿಕ ಹುಳು ಪತ್ತೆಯಾದ ಮೇಲೆ ಲೆಕ್ಕ ಬದಲಾಗಿದೆ. ಮುಸುಕಿನ ಜೋಳದ ಅಂಚಿಗೆ ಈ ಹುಳು ಬಿದ್ದರೆ ಸುಳಿ ತಿಂದು ಗೋಡೆಯಲ್ಲೇ ಕಂಡಿಗಳಾಗುತ್ತವೆ, ಕಾವಲು ಬೆಳೆಗೇ ಔಷಧ ಹೊಡೆಯುವ ಪರಿಸ್ಥಿತಿ ಬರುತ್ತದೆ. ಇದರ ಜೊತೆಗೆ ತೆನೆಯ ರೇಷ್ಮೆಗೆ ಕಾಯಿಕೊರಕದ ಪತಂಗವೂ ಬರುತ್ತದೆ. ಜೋಳ, ಸಜ್ಜೆಗೂ ಸೈನಿಕ ಹುಳು ಬರುವುದುಂಟು, ಆದರೆ ಸಾಮಾನ್ಯವಾಗಿ ಅಷ್ಟು ತೀವ್ರವಾಗಿ ಅಲ್ಲ. ಮಳೆಯಾಶ್ರಿತ ಮೆಣಸಿನಕಾಯಿಗೆ ಜೋಳವೇ ಸೂಕ್ತ. ನೀರಾವರಿಯಲ್ಲಿ, ಮನೆಯಲ್ಲಿ ದನಗಳೂ ಇದ್ದರೆ, ಮುಸುಕಿನ ಜೋಳವನ್ನು ಒತ್ತಾಗಿ ಬಿತ್ತಿ ರೇಷ್ಮೆ ಹೊರಡುವ ಮೊದಲೇ ಹಸಿಮೇವಾಗಿ ಕೊಯ್ಯಬಹುದು. ನಂಜುರೋಗ ತಗುಲಿದರೆ ಹೆಚ್ಚು ನಷ್ಟವಾಗುವುದು ಸಸಿ ಎಳೆಯದಿದ್ದಾಗ, ಆ ಅವಧಿಯನ್ನು ದಾಟಿಸಿದರೆ ಗೋಡೆ ತನ್ನ ಕೆಲಸ ಮಾಡಿದಂತೆಯೇ.

ಹೀರೆ, ಹಾಗಲ, ಸೌತೆ ಬೆಳೆಯುವವರಿಗೆ ಈ ಅಂಚು ಇನ್ನೊಂದು ರೀತಿಯಲ್ಲಿ ಉಪಯುಕ್ತ. ಹಣ್ಣು ನೊಣ ಕಾಯಿಗೆ ಚುಚ್ಚಲು ಬರುವುದು ಬಿಟ್ಟರೆ ಉಳಿದ ಹೊತ್ತು ಸುತ್ತಲಿನ ಎತ್ತರದ ಗಿಡಗಳ ಎಲೆಯಡಿ ಕೂರುತ್ತದೆ, ಮುಸುಕಿನ ಜೋಳ ಅದಕ್ಕೆ ಬಹಳ ಇಷ್ಟವಾದ ತಾಣ. ವಿಷ ಬೆರೆಸಿದ ಬೆಲ್ಲದ ಆಮಿಷವನ್ನು ತರಕಾರಿಗೆ ತಾಗಿಸದೆ ಆ ಅಂಚಿಗೆ ಮಾತ್ರ ಕೊಡಬಹುದು.

ಹೂವು ಬಿಟ್ಟು ನೆರವಾಗುವ ಗಿಡಗಳು

ಸಬ್ಬಸಿಗೆ, ಕೊತ್ತಂಬರಿ, ಸೋಂಪು, ಹುಚ್ಚೆಳ್ಳು, ಅಲಸಂದೆ ಇವುಗಳಿಗೆ ಕೀಟವನ್ನು ಓಡಿಸುವ ಗುಣ ಇದೆಯೆಂದು ಹೇಳುವುದು ಸರಿಯಲ್ಲ. ಇವುಗಳ ಉಪಕಾರ ಬೇರೆಯದು. ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಪುಟ್ಟ ಕಣಜಗಳಿಗೆ ಬಾಯಿ ಚಿಕ್ಕದು, ಆಳವಾದ ಹೂವಿನಿಂದ ಮಕರಂದ ಹೀರಲಾರವು. ಸಬ್ಬಸಿಗೆ, ಕೊತ್ತಂಬರಿಯಂಥ ಕೊಡೆಯಾಕಾರದ ಗೊಂಚಲಿನ ಹೂವುಗಳಲ್ಲಿ ಮಕರಂದ ಮೇಲೆಯೇ ಇರುತ್ತದೆ. ಮರಿಯಾಗಿದ್ದಾಗ ಹೇನು ತಿನ್ನುವ ಸಿರ್ಫಿಡ್ ನೊಣವೂ ದೊಡ್ಡದಾದ ಮೇಲೆ ಇದೇ ಹೂವುಗಳಿಗೆ ಬರುತ್ತದೆ. ಇಲ್ಲಿ ಎಲ್ಲರೂ ಮರೆಯುವ ವಿಷಯವೊಂದಿದೆ: ಕೊತ್ತಂಬರಿಯನ್ನು ಎಲೆಗಾಗಿ ಹೂಬಿಡುವ ಮೊದಲೇ ಕಿತ್ತರೆ ಈ ಉಪಕಾರ ಏನೂ ಇಲ್ಲ. ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ, ಪ್ರತಿ ಸಲವೂ ಒಂದಷ್ಟನ್ನು ಹೂವಿಗೆ ಬಿಡಬೇಕು.

ಬದನೆಯ ನಡುವೆ ಕೊತ್ತಂಬರಿ ಹಾಕಿದರೆ ಕುಡಿ ಮತ್ತು ಕಾಯಿ ಕೊರಕದ ಬಾಧೆ ಸ್ವಲ್ಪ ಇಳಿಯುವುದುಂಟು. ಆದರೆ ಆ ಹುಳು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಕುಡಿಯೊಳಗೆ ಸೇರಿಬಿಡುವುದರಿಂದ, ಬಾಡಿದ ಕುಡಿಗಳನ್ನು ವಾರವಾರ ಚಿವುಟಿ ನಾಶಮಾಡುವ ಕೆಲಸಕ್ಕೆ ಕೊತ್ತಂಬರಿ ಬದಲಿಯಾಗದು.

ಅಲಸಂದೆಯ ರೀತಿ ಇನ್ನೂ ಬೇರೆ. ಅದಕ್ಕೆ ಕಪ್ಪು ಹೇನು ಹತ್ತುತ್ತದೆ, ಹೇನನ್ನು ಹುಡುಕಿಕೊಂಡು ಗುಲಗಂಜಿ ಹುಳು ಬರುತ್ತದೆ, ಬಂದು ಅಲ್ಲಿ ಸಂತಾನ ಬೆಳೆಸಿ ಪಕ್ಕದ ಮೆಣಸಿನಕಾಯಿಗೂ ಹತ್ತಿಗೂ ಹೋಗುತ್ತದೆ. ಕಪ್ಪು ಹೇನಿಗೆ ಮುಖ್ಯವಾಗಿ ಬೇಕಾದದ್ದು ದ್ವಿದಳ ಜಾತಿಯ ಗಿಡಗಳಾದ್ದರಿಂದ ಟೊಮೆಟೊ, ಮೆಣಸಿನಕಾಯಿಗೆ ಅದರಿಂದ ಹೆಚ್ಚು ಭಯವಿಲ್ಲ. ಅವರೆ, ಕಡಲೆಕಾಯಿಯ ಪಕ್ಕ ಮಾತ್ರ ಈ ಉಪಾಯ ಬೇಡ. ಹೇನಿನ ಸುತ್ತ ಇರುವೆ ಸೇರಿದರೆ ಅವು ಗುಲಗಂಜಿ ಹುಳುವನ್ನು ಅಟ್ಟಿಬಿಡುತ್ತವೆ, ಆಗ ಇರುವೆಯ ದಾರಿಯನ್ನು ತಪ್ಪಿಸಬೇಕು.

ತಾರಸಿ ತೋಟದವರಿಗೆ ನಾನು ಮೊದಲು ಹೇಳುವುದು ಈ ಗುಂಪಿನ ಗಿಡಗಳನ್ನೇ. ಹತ್ತಿಪ್ಪತ್ತು ಕುಂಡಗಳ ಜಾಗದಲ್ಲಿ ಸೆಳೆಯುವ ಗಿಡಕ್ಕೂ ಉಳಿಸಬೇಕಾದ ಗಿಡಕ್ಕೂ ನಡುವೆ ದೂರವೇ ಇರುವುದಿಲ್ಲ, 16 ಸಾಲಿಗೆ ಒಂದು ಎಂಬ ಲೆಕ್ಕಕ್ಕೂ ಅಲ್ಲಿ ಅರ್ಥವಿಲ್ಲ. ಎರಡು ಕುಂಡ ಸಬ್ಬಸಿಗೆಯನ್ನು ಹೂವಿಗೆ ಬಿಟ್ಟು, ಒಂದು ಕುಂಡದಲ್ಲಿ ಅಲಸಂದೆ ಹಾಕಿ, ಹಿಟ್ಟು ತಿಗಣೆಯನ್ನು ನೀರಿನ ರಭಸದಿಂದ ತೊಳೆದು, ಉಳಿದದ್ದನ್ನು ಕೈಯಿಂದ ಆರಿಸುವುದು ಅಲ್ಲಿಗೆ ಸಾಕು.

ವಾಸನೆ ಮತ್ತು ಬೇರು

ತುಳಸಿ, ಪುದೀನ, ಬೆಳ್ಳುಳ್ಳಿ, ಮಜ್ಜಿಗೆ ಹುಲ್ಲು. ಇವುಗಳ ವಾಸನೆಗೆ ಕೀಟ ಬರುವುದಿಲ್ಲ ಎಂಬ ನಂಬಿಕೆಗೆ ಒಂದು ಮೂಲ ಇದೆ: ಇವುಗಳಿಂದ ತೆಗೆದ ಎಣ್ಣೆಗೆ ಕೀಟಗಳನ್ನು ದೂರ ಇಡುವ ಶಕ್ತಿ ಇರುವುದು ನಿಜ. ಆದರೆ ಎಲೆಯೊಳಗಿನ ಆ ಎಣ್ಣೆ ಹೆಚ್ಚಾಗಿ ಹೊರಬರುವುದು ಎಲೆಯನ್ನು ಹಿಸುಕಿದಾಗ; ತನ್ನಷ್ಟಕ್ಕೆ ನಿಂತಿರುವ ಗಿಡ ಗಾಳಿಗೆ ಬಿಡುವ ಪ್ರಮಾಣ ಬಹಳ ಕಡಿಮೆ. ಕಿಟಕಿಯ ಬಳಿ ಮಜ್ಜಿಗೆ ಹುಲ್ಲಿನ ಕುಂಡ ಇಟ್ಟರೆ ಸೊಳ್ಳೆ ಬರುವುದಿಲ್ಲ ಎಂಬ ಮಾತೂ ಇದೇ ಕಾರಣಕ್ಕೆ ನಿಲ್ಲುವುದಿಲ್ಲ. ಇವೆಲ್ಲ ಅಡುಗೆಗೂ ಔಷಧಕ್ಕೂ ಬೇಕಾದ ಗಿಡಗಳು, ಧಾರಾಳವಾಗಿ ಬೆಳೆಯಲಿ. ಕಾವಲಿನ ಭಾರವನ್ನು ಮಾತ್ರ ಅವುಗಳ ಮೇಲೆ ಹೊರಿಸುವುದು ಬೇಡ.

ಬೇರಿನ ವಿಷಯದಲ್ಲಿ ಚೆಂಡುಹೂವಿಗೆ ಎರಡನೆಯ ಗುಣವೊಂದಿದೆ, ಮತ್ತು ಅದು ಮೊದಲನೆಯದಕ್ಕಿಂತ ಸಂಪೂರ್ಣ ಬೇರೆ. ಬೇರುಗಂಟು ಜಂತುಹುಳುವನ್ನು ಅದರ ಬೇರಿನಲ್ಲಿರುವ ರಾಸಾಯನಿಕ ಕುಗ್ಗಿಸುತ್ತದೆ. ಆದರೆ ಟೊಮೆಟೊ ಗಿಡದ ಬುಡದಲ್ಲಿ ಒಂದೊಂದು ಚೆಂಡುಹೂ ನೆಟ್ಟರೆ ಈ ಫಲ ಸಿಗುವುದಿಲ್ಲ. ಜಂತುಹುಳು ಇರುವ ಜಾಗವನ್ನೆಲ್ಲ ತುಂಬುವಂತೆ ಎರಡು ಮೂರು ತಿಂಗಳು ಚೆಂಡುಹೂವನ್ನೇ ಪೂರ್ಣ ಬೆಳೆಯಾಗಿ ಬೆಳೆದು, ನಡುವೆ ಕಳೆ ಇಲ್ಲದಂತೆ ನೋಡಿಕೊಂಡು, ಕೊನೆಗೆ ಮಣ್ಣಿಗೆ ಸೇರಿಸಿ, ಆಮೇಲೆ ತರಕಾರಿ ಹಾಕಬೇಕು. ಪಾಲಿಹೌಸಿನಲ್ಲಿ ದಪ್ಪ ಮೆಣಸಿನಕಾಯಿ ಬೆಳೆದು ಬೇರುಗಂಟಿನಿಂದ ನೊಂದವರಿಗೆ ಇದು ನಿಜಕ್ಕೂ ಪರಿಗಣಿಸಬೇಕಾದ ಆಯ್ಕೆ. ಹೊರಗಿನ ಹೊಲದಲ್ಲಿ ಸೆಣಬನ್ನು ಹಸಿರು ಗೊಬ್ಬರವಾಗಿ ಬೆಳೆದು ಉಳುವುದು ಇದಕ್ಕಿಂತ ಅಗ್ಗ. ಅದೂ ಈ ಜಂತುಹುಳುವನ್ನು ಕುಗ್ಗಿಸುತ್ತದೆ, ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ.

ಪ್ರಾಣಿಗಳ ವಿಚಾರ

ಕೀಟಗಳಿಗೆ ಹೇಳಿದ ತರ್ಕ ಪ್ರಾಣಿಗಳಿಗೆ ಹೊಂದುವುದಿಲ್ಲ. ಹಂದಿಯನ್ನೋ ಆನೆಯನ್ನೋ ಒಂದು ಸಾಲಿಗೆ ಸೆಳೆದು ಉಳಿದ ಬೆಳೆಯನ್ನು ಉಳಿಸಿಕೊಳ್ಳುವುದು ಆಗದ ಮಾತು. ಇಲ್ಲಿ ಉಳಿಯುವುದು ಮರೆಮಾಚುವ ಬೆಳೆ ಮತ್ತು ಮುಳ್ಳಿನ ಬೇಲಿ, ಎರಡೇ.

ಕಾಡುಹಂದಿಗೆ ಕಣ್ಣು ಮಂದ, ಮೂಗು ಚುರುಕು. ಬೆಳೆಯ ವಾಸನೆಯನ್ನು ಹಿಡಿದೇ ಅದು ಹೊಲಕ್ಕೆ ಬರುವುದರಿಂದ, ಕಡಲೆಕಾಯಿಯ ಸುತ್ತ ನಾಲ್ಕು ಸಾಲು ಕುಸುಬೆ, ಮುಸುಕಿನ ಜೋಳದ ಸುತ್ತ ನಾಲ್ಕು ಸಾಲು ಔಡಲ ಒತ್ತಾಗಿ ಹಾಕುವ ಶಿಫಾರಸು ಇದೆ. ಕುಸುಬೆಗೆ ತನ್ನದೇ ವಾಸನೆಯೂ ಇದೆ, ಬಲಿತ ಮೇಲೆ ಮುಳ್ಳೂ ಇದೆ. ಔಡಲಕ್ಕೆ ಮುಳ್ಳಿಲ್ಲ, ಹಂದಿ ತಿನ್ನುವುದೂ ಇಲ್ಲ. ಎರಡರಲ್ಲಿ ಯಾವುದು ಎಂಬುದನ್ನು ನಿರ್ಧರಿಸಬೇಕಾದದ್ದು ಹಂಗಾಮು. ಕುಸುಬೆ ಹಿಂಗಾರಿನ ಬೆಳೆ, ವಿಜಯಪುರ, ಬಾಗಲಕೋಟೆ, ಗದಗದ ಎರೆ ಭೂಮಿಗೆ ಒಗ್ಗಿದ್ದು. ಮುಂಗಾರಿನ ಮಳೆಯಲ್ಲಿ ಅದಕ್ಕೆ ಎಲೆಚುಕ್ಕೆ ರೋಗ ಬಂದು ಗೋಡೆ ನಿಲ್ಲುವುದೇ ಕಷ್ಟ. ಹಾಗಾಗಿ ಮುಂಗಾರಿನ ಮುಸುಕಿನ ಜೋಳಕ್ಕೂ ಕಡಲೆಕಾಯಿಗೂ ಔಡಲ, ಹಿಂಗಾರಿನ ಕಡಲೆಕಾಯಿಗೆ ಕುಸುಬೆ. ಔಡಲವನ್ನು ಮುಖ್ಯ ಬೆಳೆಗಿಂತ ಮೊದಲೇ ಬಿತ್ತಿದರೂ ಬಿತ್ತನೆಯ ವಾರದಲ್ಲಿ ಹಂದಿ ಬೀಜ ಕೆದರುವುದನ್ನು ಅದು ತಡೆಯಲಾರದು, ಆಗಿನ್ನೂ ಅದರ ಎತ್ತರ ಸಾಲದು. ತೆನೆ ಹಾಲುಗಟ್ಟುವ ಹೊತ್ತಿಗೆ ಅದು ಉಪಯೋಗಕ್ಕೆ ಬರುತ್ತದೆ, ಬಿತ್ತನೆಯ ವಾರಕ್ಕೆ ಕಾವಲು ಮನುಷ್ಯರದೇ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಒಬ್ಬರ ಹೊಲದಿಂದ ತಿರುಗಿದ ಹಂದಿ ಹಸಿವಿನಿಂದ ಪಕ್ಕದವರ ಹೊಲಕ್ಕೆ ಹೋಗುತ್ತದೆ, ಆದ್ದರಿಂದ ಕಾಡಂಚಿನ ಹೊಲದವರೆಲ್ಲ ಕೂಡಿ ಅಂಚು ಹಾಕಿದರೇ ನ್ಯಾಯ.

ದನ, ಆಡುಗಳಿಗೆ ಜೀವಂತ ಬೇಲಿ ನಿಜಕ್ಕೂ ಫಲ ಕೊಡುತ್ತದೆ. ಆಡುಸೋಗೆ ಮತ್ತು ಲಕ್ಕಿ ಗಿಡದ ಎಲೆಗೆ ಆಡು ಬಾಯಿ ಹಾಕುವುದಿಲ್ಲ, ಎರಡೂ ಕಡ್ಡಿ ನೆಟ್ಟರೆ ಚಿಗುರುತ್ತವೆ, ಮನೆಮದ್ದಿಗೂ ಬರುತ್ತವೆ. ಆದರೆ ನುಗ್ಗುವ ಎಮ್ಮೆಯನ್ನು ನಿಲ್ಲಿಸುವ ಗಟ್ಟಿತನ ಅವಕ್ಕಿಲ್ಲ. ಕತ್ತಾಳೆಗೆ ಆ ಗಟ್ಟಿತನ ಇದೆ, ನೀರಿಲ್ಲದ ಬದುವಿನಲ್ಲೂ ಬದುಕುತ್ತದೆ, ಬುಡದ ಮರಿಗಳನ್ನು ಕಿತ್ತು ಸಂದಿಗೆ ನೆಡಬಹುದು. ಬೇಲಿಯಾಗಿ ಮುಚ್ಚಿಕೊಳ್ಳಲು ಮೂರು ನಾಲ್ಕು ವರ್ಷದ ತಾಳ್ಮೆ ಬೇಕು, ಅಗಲವಾಗಿ ಜಾಗವನ್ನೂ ತಿನ್ನುತ್ತದೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಶಾಲೆಯ ದಾರಿಯಲ್ಲಿ ಬೇಡ. ಗೋರಂಟಿ ಬೇಲಿ ಸವರಿದಷ್ಟೂ ದಟ್ಟವಾಗುತ್ತದೆ, ಮನೆಯ ಹಿತ್ತಲಿಗೆ ನನ್ನ ಮೊದಲ ಆಯ್ಕೆ ಅದೇ. ಲಂಟಾನವನ್ನು ಮಾತ್ರ ಬೇಲಿಯೆಂದು ಬೆಳೆಯಲು ಬಿಡಬಾರದು. ಅದರ ಪೊದೆ ಹಗಲಲ್ಲಿ ಹಂದಿಗೆ ಅಡಗುದಾಣ.

ಮಂಗನಿಗೆ ಯಾವ ಗಿಡವೂ ಕಾವಲಲ್ಲ. ಸಾಗರ, ಸಿರಸಿಯ ತೋಟಗಳಲ್ಲಿ ಬಾಳೆ, ಏಲಕ್ಕಿ, ಎಳನೀರನ್ನು ಕಳೆದುಕೊಳ್ಳುತ್ತಿರುವವರಿಗೆ ಇಂಥ ಗಿಡ ನೆಟ್ಟರೆ ಮಂಗ ಬರುವುದಿಲ್ಲ ಎಂದು ಸಸಿ ಮಾರುವುದು ಅವರ ಸಂಕಟದ ಮೇಲೆ ಸಂಕಟ ಹೇರಿದಂತೆ. ನವಿಲಿನ ವಿಷಯವೂ ಬೇರೆಯಲ್ಲ, ದಟ್ಟ ಬೇಲಿ ಅದಕ್ಕೆ ಮರೆಯನ್ನೇ ಒದಗಿಸುತ್ತದೆ.

ಆನೆಯ ಸೀಮೆಯಲ್ಲಿ, ಅಂದರೆ ಕೊಡಗು, ಸಕಲೇಶಪುರ, ಆಲೂರು ಕಡೆಯಲ್ಲಿ, ಏನನ್ನು ನೆಡಬೇಕು ಎನ್ನುವುದಕ್ಕಿಂತ ಮನೆಯ ಹತ್ತಿರ ಏನು ಇರಬಾರದು ಎಂಬುದನ್ನು ಮೊದಲು ಕೇಳಬೇಕು. ಹಣ್ಣಾದ ಹಲಸು, ಬಾಳೆ ಆನೆಯನ್ನು ದೂರದಿಂದ ಕರೆತರುತ್ತವೆ. ಕಾಫಿ ತೋಟದವರಲ್ಲಿ ಕೆಲವರು ಹಲಸನ್ನು ಎಳೆಯದಿರುವಾಗಲೇ ಇಳಿಸಿಬಿಡುವುದು ಇದಕ್ಕಾಗಿಯೇ. ಮೆಣಸಿನಕಾಯಿಯನ್ನು ಆನೆ ತಿನ್ನುವುದಿಲ್ಲ ಎಂದು ಅಂಚಿಗೆ ಹಾಕಿದರೂ ಅದನ್ನು ತುಳಿದುಕೊಂಡು ಹೋಗಲು ಅಡ್ಡಿಯೇನೂ ಇಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ನಾಗರಹೊಳೆಯ ಅಂಚಿನ ಕೊಡಗಿನಲ್ಲಿ ಜೇನಿಗೆ ಆನೆ ಹೆದರುತ್ತದೆಂದು ಆನೆ ದಾರಿಗೆ ಜೇನುಪೆಟ್ಟಿಗೆಗಳನ್ನು ಇಟ್ಟು ಪ್ರಯೋಗ ಆರಂಭಿಸಿತು. ಅಂಥ ಪೆಟ್ಟಿಗೆ ಇಡುವವರು ಜೇನಿಗೆ ವರ್ಷವಿಡೀ ಹೂವು ಸಿಗುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಜೇನು ಪೆಟ್ಟಿಗೆ ಬಿಟ್ಟು ಹೋಗುತ್ತದೆ.

ಹಾವಿನ ವಿಷಯವನ್ನು ಬೇರೆಯಾಗಿಯೇ ಹೇಳುವುದು ಅಗತ್ಯ, ಏಕೆಂದರೆ ಇಲ್ಲಿ ತಪ್ಪು ನಂಬಿಕೆಯ ಬೆಲೆ ಒಂದು ಜೀವ. ಸರ್ಪಗಂಧಿ, ಈಶ್ವರಿ ಬಳ್ಳಿ, ಬೆಳ್ಳುಳ್ಳಿ, ಚೆಂಡುಹೂ ಇವುಗಳಲ್ಲಿ ಯಾವುದನ್ನು ಮನೆ ಮುಂದೆ ನೆಟ್ಟರೂ ಹಾವು ಬರುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ಹಾವು ಹಿತ್ತಲಿಗೆ ಬರುವುದು ಇಲಿ, ಕಪ್ಪೆಗಳನ್ನು ಹುಡುಕಿಕೊಂಡು, ತಂಗುವುದು ಸೌದೆ ರಾಶಿ, ತೆಂಗಿನ ಗರಿಯ ಗುಡ್ಡೆ, ಹೆಗ್ಗಣದ ಬಿಲಗಳಲ್ಲಿ. ಮನೆಯ ಗೋಡೆಯಿಂದ ಕೆಲವು ಅಡಿ ಜಾಗವನ್ನು ಗಿಡವೇ ಇಲ್ಲದಂತೆ ಬರಿದಾಗಿ ಇಡುವುದು, ಕೋಳಿ ಗೂಡಿನ ಕಾಳು ಚೆಲ್ಲದಂತೆ ನೋಡಿಕೊಳ್ಳುವುದು, ರಾತ್ರಿ ಬೆಳಕು ಹಿಡಿದು ಓಡಾಡುವುದು ಇದಕ್ಕಿರುವ ಉಪಾಯ. ಕಚ್ಚಿದರೆ ಯಾವ ಬೇರನ್ನೂ ಅರೆಯುತ್ತ ಕೂರದೆ, ಹಾವಿನ ವಿಷಕ್ಕೆ ಪ್ರತಿವಿಷ ಇರುವ ಸರ್ಕಾರಿ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು.